ಅರವತ್ತು ಬಾಗಿಲಿನ ಲೆಕ್ಕ

“ಎಳ್ದಾಕ್ಲಾ ಅದ್ನ. ಒಂದ್ ಎಳೆಗೋಸ್ಕರ ಬೀದಿನೆಲ್ಲ ಸೇರಿಸ್ಕಂಡು ಕುಂತಿದ್ದೀಯಲ್ಲ!” ಎಂದಳು ಗೋವಿಂದಮ್ಮ.

“ಯಾವ್ದ್ನ ಎಳ್ದಾಕನವ್ವ?” ಮಗ ದೇವಣ್ಣ ಕೈಯಲ್ಲಿದ್ದ ರೇಷ್ಮೆ ಎಳೆಯನ್ನು ತಾಯಿಯ ಮೂಗಿನ ಹತ್ತಿರಕ್ಕೇ ಹಿಡಿದ. “ಹೊಸ್ದು ಒಂದ್ ಹೆಚ್ಚಾಗದೋ, ಹಳೇದು ಒಂದ್ ಕಮ್ಮಿ ಆಗದೋ, ಅದು ಗೊತ್ತಾಗ್ದೆ ಕೈ ಹಾಕದಾ?”

“ಹಾಸು ಹಾಕ್ದೋಳ್ನೇ ಕೇಳು,” ಎಂದ ಎದುರು ಜಗಲಿಯ ಮುದ್ದಯ್ಯ. ಎಪ್ಪತ್ತರ ಆಸುಪಾಸಿನ ನೇಕಾರ ಅವನು. ಮಗ್ಗ ಬಿಟ್ಟ ಮೇಲೆ ಬಾಯಿಗೆ ಪೂರಾ ಬಿಡುವಾಗಿತ್ತು. “ಅಗೋ ಬಂದ್ಲು. ನಿಂಗ ಕೇಳಕ್ಕೆ ನಾಚ್ಕೆ ಆದ್ರೆ ನಾ ಕೇಳ್ತೀನಿ.”

ಶಿವರತ್ನಮ್ಮ ಸೆರಗು ಸಿಕ್ಕಿಸಿಕೊಳ್ಳುತ್ತ ಬರುತ್ತಿದ್ದಳು. ಮೂರು ಮನೆ ಆಚೆಯಿಂದಲೇ ಅವಳಿಗೆ ಮಾತೆಲ್ಲ ಕೇಳಿಸಿತ್ತು. ಆ ಬೀದಿಯಲ್ಲಿ ಯಾವ ಮಾತೂ ಮೂರು ಮನೆಗಿಂತ ಕಮ್ಮಿ ದೂರಕ್ಕೆ ಆಡಿದ್ದಲ್ಲ.

ಕೊಳ್ಳೇಗಾಲ ಆಗಿನ್ನೂ ಮದ್ರಾಸ್ ರಾಜ್ಯಕ್ಕೆ ಸೇರಿದ್ದ ಕಾಲ. ಸರ್ಕಾರದ ಕಾಗದ ತಮಿಳಿನಲ್ಲಿ ಬರುತ್ತಿತ್ತು, ಬೈಗುಳ ಮಾತ್ರ ಕನ್ನಡದಲ್ಲೇ ನಡೆಯುತ್ತಿತ್ತು. ನೇಕಾರರ ಬೀದಿಯಲ್ಲಿ ಸೀರೆಗೆ ಬೇಕಾದ ಉದ್ದದ ಎಳೆಗಳನ್ನೆಲ್ಲ ಒಟ್ಟು ಮಾಡಿ ಹಾಸು ಹಾಕುವವಳು ಶಿವರತ್ನಮ್ಮ ಒಬ್ಬಳೇ. ಅವಳು ಹಾಕಿಕೊಟ್ಟ ಹಾಸನ್ನು ಬಿಸಿಲೇರುವ ಮುಂಚೆ ಬೀದಿಯುದ್ದಕ್ಕೂ ಎಳೆದು ಕಟ್ಟುತ್ತಾರೆ. ಹಳೆಯ ಸೀರೆ ಮುಗಿದ ಮೇಲೂ ಮಗ್ಗದಿಂದ ಬಿಚ್ಚಿ ತಂದ ಹಣಿಗೆಯ ಹಲ್ಲುಗಳಲ್ಲಿ ಅದರ ಎಳೆಗಳ ತುದಿ ಉಳಿದಿರುತ್ತದಲ್ಲ, ಒಂದೊಂದು ತುದಿಗೂ ಹೊಸ ಹಾಸಿನ ಒಂದೊಂದು ಎಳೆಯನ್ನು ಬೆರಳಲ್ಲಿ ಹೊಸೆದು ಸೇರಿಸಬೇಕು. ಹಳೆಯದಕ್ಕೊಂದು ಹೊಸದು, ಜೋಡಿ ಜೋಡಿಯಾಗಿ. ತಾಯಿ ಮಗ ಸೇರಿ ನಿನ್ನೆಯಿಂದ ಅದನ್ನೇ ಹೊಸೆದಿದ್ದರು. ಇವತ್ತು ಬೆಳಿಗ್ಗೆ ಕೆಲಸ ಮುಗಿಯಿತು ಎನ್ನುವಾಗ ಹೊಸ ಹಾಸಿನ ಒಂದು ಎಳೆ ಜೋಡಿಯಿಲ್ಲದೆ ಉಳಿದುಬಿಟ್ಟಿತು.

ಅದನ್ನು ಕುಯ್ಯುವಂತಿಲ್ಲ. ಹಾಸಿದ ಎಳೆ ಚೌಡೇಶ್ವರಿಯದು, ಮೊದಲ ಸೀರೆ ಮಗ್ಗದಿಂದ ಇಳಿಯುವವರೆಗೂ ಅದಕ್ಕೆ ಕತ್ತರಿ ತಾಗಬಾರದು ಎನ್ನುವುದು ಆ ಬೀದಿಯ ಕಟ್ಟುಪಾಡು. ಉದ್ದಕ್ಕೂ ಎಳೆದು ಈಚೆ ತೆಗೆದರೆ ದೋಷವಿಲ್ಲ. ಆದರೆ ಹಣಿಗೆಯಲ್ಲಿ ಹಳೆಯ ತುದಿಯೊಂದು ಕಳಚಿಹೋಗಿದ್ದು, ಅದಕ್ಕೆ ಸೇರಬೇಕಾದ ಎಳೆಯೇ ಇದಾಗಿದ್ದರೆ? ಸೀರೆಯುದ್ದಕ್ಕೂ ಬೈತಲೆ ತೆಗೆದ ಹಾಗೆ ಒಂದು ಗೆರೆ ಬೀಳುತ್ತದೆ. ಅಂಥ ಸೀರೆಯನ್ನು ಯಾವ ಮದುವೆಯ ಹೆಣ್ಣೂ ಉಡುವುದಿಲ್ಲ.

“ದೊಡ್ಡವ್ವ,” ಎಂದ ದೇವಣ್ಣ. ಅವನ ದನಿಯಲ್ಲಿ ಸಿಟ್ಟಿಗಿಂತ ಮುಜುಗರ ಹೆಚ್ಚಾಗಿತ್ತು. “ಹಣಿಗೆ ಎಲ್ಡ್ ಸಲ ನೋಡ್ದೆ. ಒಂದೂ ಕಳಚ್ಕಂಡಂಗ್ ಕಾಣಾಕಿಲ್ಲ. ನಿನ್ ಹಾಸ್ನಲ್ಲೇ ಒಂದ್ ಹೆಚ್ಚಾಗಿರ್ಬೇಕು.”

“ಆಗಾಕಿಲ್ಲ,” ಎಂದಳು ಶಿವರತ್ನಮ್ಮ.

“ಬೇಜಾರ್ ಮಾಡ್ಕಬ್ಯಾಡ. ವಯಸ್ಸಾದ್ ಮ್ಯಾಕೆ ಎಲ್ರಿಗೂ ಕಣ್ಣು ಮಂಜಾಯ್ತದೆ. ಕೆಳಗಿನ್ ಬೀದಿಗೆ ಸೇಲಂನಿಂದ ಒಬ್ಬ ಬಂದವ್ನೆ, ಡ್ರಮ್ಮು ಇಟ್ಕಂಡು ಹಾಸು ಸುತ್ತಿಕೊಡ್ತಾನೆ. ಮುಂದ್ಲ ಸಲ ನೂಲ ಅಲ್ಗೇ ಒಯ್ತೀನಿ ಅಂತಿದ್ದೀನಿ. ನೀನೂ ಒಸಿ ಕುಂತ್ಕ.”

ಒಸಿ ಕುಂತ್ಕ. ದೇವಣ್ಣನ ನೂಲು ಕೆಳಗಿನ ಬೀದಿಗೆ ಹೋದರೆ ಉಳಿದವರ ನೂಲೂ ಅವನ ಹಿಂದೆಯೇ ಹೋಗುತ್ತದೆ ಎಂದು ಶಿವರತ್ನಮ್ಮನಿಗೆ ಗೊತ್ತಿತ್ತು. ಆಮೇಲೆ ಅವಳು ಕೂತೇ ಇರಬೇಕು. ಅದಕ್ಕಿಂತ ಅವಳನ್ನು ಚುಚ್ಚಿದ್ದು ಕಣ್ಣಿನ ಮಾತು. ಮೊನ್ನೆ ಮುಸ್ಸಂಜೆಯಲ್ಲಿ ಅವಳು ಬಾಗಿಲಲ್ಲಿ ನಿಂತಿದ್ದ ಆಡನ್ನು ನಾಯಿ ಎಂದುಕೊಂಡು “ಹಚಾ” ಅಂದಿದ್ದಳು. ಯಾರೂ ನೋಡಿರಲಿಲ್ಲ, ಆಡಿನ ಹೊರತು. ಈಗ ದೇವಣ್ಣ ಹೇಳಿದ್ದು ನಿಜವೇ ಇದ್ದರೆ? ಅದು ತಿಳಿಯದೆ ಅವಳು ಅಲ್ಲಿಂದ ಕದಲುವ ಹಾಗಿರಲಿಲ್ಲ.

“ಎಣ್ಸು,” ಎಂದಳು.

“ಅಷ್ಟನ್ನೂವಾ?”

“ಹತ್ತ್ ಹತ್ತಾಗಿ ಎಣ್ಸು. ನಾನೂ ಕುಂತ್ಕತೀನಿ.”

ಆ ಬೀದಿಯ ಸೀರೆಗೆ ಐದು ಸಾವಿರದ ನಲವತ್ತು ಎಳೆ. ಶಿವರತ್ನಮ್ಮನಿಗೆ ಕೆಲಸ ಕಲಿಸಿದ ಅಪ್ಪ ಗುರುಸಿದ್ದಯ್ಯ ಆ ಅಂಕಿಯ ಮೇಲೆ ಪ್ರಾಣವನ್ನೇ ಇಟ್ಟುಕೊಂಡಿದ್ದ. ಬೇರೆಯವರು ಎಮ್ಮೆಯನ್ನೋ ಮೊಮ್ಮಗನನ್ನೋ ಹೊಗಳುವ ಹಾಗೆ ಅವನು ಐದು ಸಾವಿರದ ನಲವತ್ತನ್ನು ಹೊಗಳುತ್ತಿದ್ದ. “ಒಂದ್ರಿಂದ ಸುರು ಮಾಡಿ ಏಳ್ರ ಗಂಟ ಒಂದಕ್ಕೊಂದ ಗುಣಸ್ಕಂಡು ಓಗು, ಅಲ್ಗೇ ಬತ್ತೀಯ. ಅದ್ ಬ್ಯಾಡ ಅಂದ್ರೆ ಏಳು, ಎಂಟು, ಒಂಬತ್ತು, ಹತ್ತು, ಈ ನಾಕ ಗುಣಸು. ಆಗ್ಲೂ ಅಲ್ಗೇ ಬತ್ತೀಯ. ಯಾವ್ ದಾರಿ ಇಡಿದ್ರೂ ಅದೇ ಮನೆ ಕಣವ್ವ!” ಎನ್ನುತ್ತಿದ್ದ. ಅದನ್ನು ಒಂದರಿಂದ ಹತ್ತರವರೆಗೆ ಯಾವುದರಿಂದ ಪಾಲು ಮಾಡಿದರೂ ಏನೂ ಮಿಗುವುದಿಲ್ಲ. ಹನ್ನೊಂದು ಮಾತ್ರ ಮುನಿಸಿಕೊಂಡು ಆಚೆ ನಿಂತಿದೆ. ಹನ್ನೆರಡು ಮತ್ತೆ ಒಳಗೆ. ಹೀಗೆ ಅದನ್ನು ಸಮನಾಗಿ ಒಡೆಯುವ ಅಂಕಿಗಳನ್ನು ಗುರುಸಿದ್ದಯ್ಯ ಒಂದು ಬೇಸಿಗೆಯೆಲ್ಲ ಗೋಡೆಯ ಮೇಲೆ ಇದ್ದಿಲಿನಲ್ಲಿ ಬರೆದು ಹುಡುಕಿದ. ಒಟ್ಟು ಅರವತ್ತು ಸಿಕ್ಕವು. ಹೆಂಡತಿ ಹಬ್ಬಕ್ಕೆ ಗೋಡೆ ಸಾರಿಸಿದಳು. ಅವನು ಆ ಅಂಕಿಗೆ ಅರವತ್ತು ಬಾಗಿಲಿನ ಮನೆ ಎಂದು ಹೆಸರಿಟ್ಟ. ಸೀರೆಯ ಒಡಲಿಗೆ ಆರು ಸಾಲು ಬುಟ್ಟಾ ಬೇಕು ಎನ್ನುವವರು, ಏಳು ಎನ್ನುವವರು, ಒಂಬತ್ತೇ ಆಗಬೇಕು ಎನ್ನುವವರು, ಯಾರು ಬಂದರೂ ಎಳೆಗಳನ್ನು ಸಮನಾಗಿ ಹಂಚಬಹುದು. ನೇಯುವವನಿಗೆ ಇದಕ್ಕಿಂತ ಏನು ಬೇಕು?

ದೇವಣ್ಣನೂ ಗೋವಿಂದಮ್ಮನೂ ಹಣಿಗೆಯ ತುದಿಯಲ್ಲಿ ಹಾಸಿನ ಆಚೆ ಈಚೆ ಕೂತು, ಹತ್ತು ಎಳೆಗೆ ಒಂದು ಹಿಡಿಯಂತೆ ಬಿಡಿಸತೊಡಗಿದರು. ಹತ್ತು ಹಿಡಿ ಆದಾಗಲೆಲ್ಲ ಶಿವರತ್ನಮ್ಮ ಬೀದಿ ಕೊನೆಯ ಹುಣಸೆಮರದ ಕೆಳಗಿಂದ ಆಯ್ದು ತಂದ ಬೀಜವೊಂದನ್ನು ಮಡಿಲಿಗೆ ಹಾಕಿಕೊಂಡಳು. ಮುದ್ದಯ್ಯ ನಡುನಡುವೆ ತನಗೆ ತೋಚಿದ ಅಂಕಿ ಕೂಗಿ ಲೆಕ್ಕ ತಪ್ಪಿಸಲು ನೋಡಿದ. “ಸುಮ್ಕಿರಣ್ಣ, ಬಾಯ್ಗೂ ಒಂದ್ ಹಣಿಗೆ ಹಾಕ್ಬೇಕು ನಿಂಗ,” ಎಂದು ಗೋವಿಂದಮ್ಮ ಗದರಿದಳು.

ಕೊನೆಗೆ ಮಡಿಲಲ್ಲಿ ಐವತ್ತು ಬೀಜ. ಅದರ ಮೇಲೆ ನಾಲ್ಕು ಹಿಡಿ. ಅದರ ಮೇಲೆ ಒಂದು ಎಳೆ. ಐದು ಸಾವಿರದ ನಲವತ್ತೊಂದು.

“ನೋಡ್ದಾ?” ಎಂದ ದೇವಣ್ಣ.

ಶಿವರತ್ನಮ್ಮ ಮನಸ್ಸಿನಲ್ಲೇ ಲೆಕ್ಕ ಹಾಕಿದಳು. ಹತ್ತು ಹತ್ತಾಗಿ ಎಣಿಸಿದಾಗ ಒಂದು ಮಿಕ್ಕಿತು. ಒಂಬತ್ತೊಂಬತ್ತಾಗಿ ಎಣಿಸಿದ್ದರೂ ಅದೇ ಒಂದು ಮಿಗುತ್ತಿತ್ತು. ಎಂಟಕ್ಕೂ ಅದೇ, ಏಳಕ್ಕೂ ಅದೇ, ಎರಡಕ್ಕೂ ಅದೇ. ಎಣಿಸಿ ನೋಡಬೇಕಾಗಿಯೇ ಇಲ್ಲ. “ಎಂಗ್ ಪಾಲ್ ಹಾಕಿದ್ರೂ ಅದೊಂದು ಬೀದೀಲೇ ನಿಂತದೆ,” ಎಂದಳು ತನಗೆ ತಾನೇ. “ಒಂದ್ ಎಳೆ ಬಂದು ಅಪ್ಪನ ಮನೆ ಬಾಗಲೆಲ್ಲ ಹಾಕ್ಬುಡ್ತು.”

“ಅದೇ ನಾ ಹೇಳದು, ಕಣ್ಣು...”

“ಕಣ್ಣಿನ್ ಮಾತು ಆಮ್ಯಾಕೆ. ಈಗ ನನ್ ಲೆಕ್ಕದಲ್ಲಿ ಎಣ್ಸನ ಬಾ.”

ಅವಳ ಲೆಕ್ಕವೇ ಬೇರೆ. ಅವಳ ಮನೆಯ ಪಡಸಾಲೆಯಲ್ಲಿ ಅಪ್ಪ ಮಾಡಿಸಿದ ಒಂದು ಮರದ ಚೌಕಟ್ಟಿತ್ತು. ಅದರಲ್ಲಿ ಎಪ್ಪತ್ತೆರಡು ಕಡ್ಡಿ, ಕಡ್ಡಿಗೊಂದು ನೂಲು ಸುತ್ತಿದ ಬಾಬಿನ್. ಎಪ್ಪತ್ತೆರಡು ಬಾಬಿನ್ನಿನ ಎಳೆಗಳನ್ನೂ ಒಟ್ಟಿಗೆ ಹಿಡಿದುಕೊಂಡು ಗೂಟದಿಂದ ಗೂಟಕ್ಕೆ ಹೋದರೆ ಒಂದು ಸುತ್ತು. ಸುತ್ತು ಮುಗಿದ ಕೂಡಲೇ ಕೆಂಪು ನೂಲಿನಿಂದ ಒಂದು ಕಟ್ಟು. ಎಪ್ಪತ್ತು ಸುತ್ತಿಗೆ ಐದು ಸಾವಿರದ ನಲವತ್ತು ಎಳೆ ಸರಿಯಾಗುತ್ತದೆ. ಈ ಸಲ ಒಂದು ಕಡ್ಡಿ ಮುರಿದಿತ್ತು. ಬಡಗಿ ಹನೂರಿನ ಕಡೆ ಯಾರದೋ ಮನೆಯ ತೊಲೆ ಕೆಲಸಕ್ಕೆ ಹೋದವನು ಬಂದಿರಲಿಲ್ಲ. ದೇವಣ್ಣ ಅವಸರ ಮಾಡುತ್ತಿದ್ದ. ಹಾಗಾಗಿ ಶಿವರತ್ನಮ್ಮ ಎಪ್ಪತ್ತೊಂದೇ ಬಾಬಿನ್ ಇಟ್ಟು, ಕಮ್ಮಿಯಾದ ಒಂದಕ್ಕೆ ಬದಲಾಗಿ ಇನ್ನೊಂದು ಸುತ್ತು ಹೆಚ್ಚಿಗೆ ಹಾಕಿದ್ದಳು.

ಅದನ್ನು ಈಗ ಎಲ್ಲರ ಮುಂದೆ ಹೇಳಿದಳು.

“ಸರಿಯಾಗೇ ಅದಲ್ಲ,” ಎಂದಳು ಗೋವಿಂದಮ್ಮ. “ಅಲ್ಲೊಂದ್ ಕಮ್ಮಿ, ಇಲ್ಲೊಂದ್ ಜಾಸ್ತಿ. ಸಮ ಆಯ್ತು.”

“ಆಯ್ತು,” ಎಂದ ಮುದ್ದಯ್ಯ. ಅವನು ಒಬ್ಬರ ಮಾತು ಒಪ್ಪುವುದೇ ಅಪರೂಪ.

“ಆಯ್ತು,” ಎಂದ ದೇವಣ್ಣನೂ. “ಆದ್ರೆ ನೀ ಎಪ್ಪತ್ತೊಂದ್ ಸುತ್ತೇ ಹಾಕ್ದೆ ಅಂತ ಏನ್ ಗ್ಯಾರಂಟಿ? ಒಂದ್ ಸುತ್ತಲ್ಲಿ ಎಳೆ ಜಾಸ್ತಿ ಬಂದಿರಬೋದು.”

ಹಾಸಿನ ಇನ್ನೊಂದು ತುದಿಯಲ್ಲಿ, ಹುಣಸೆಮರದ ಬಳಿ, ಕೆಂಪು ಕಟ್ಟುಗಳು ಇನ್ನೂ ಹಾಗೇ ಇದ್ದವು. ಶಿವರತ್ನಮ್ಮ ಒಂದು ಬದಿಯಿಂದ, ದೇವಣ್ಣ ಇನ್ನೊಂದು ಬದಿಯಿಂದ ಎಣಿಸುತ್ತ ಬಂದು ನಡುವೆ ಸೇರಿದರು. ಎಪ್ಪತ್ತೊಂದು ಕಟ್ಟು. ಒಂದೊಂದು ಕಟ್ಟಿನಲ್ಲೂ ಎಪ್ಪತ್ತೊಂದು ಎಳೆ. ಎಲ್ಲಿಯೂ ಒಂದು ಹೆಚ್ಚಿಲ್ಲ, ಕಮ್ಮಿಯಿಲ್ಲ, ಕಟ್ಟಿನ ಆಚೆ ಒಂಟಿ ಎಳೆಯೂ ಇಲ್ಲ.

ದೇವಣ್ಣ ಹಣಿಗೆಯ ತುದಿಗೆ ಓಡಿಹೋಗಿ ನೋಡಿದ. ಜೋಡಿಯಿಲ್ಲದ ಎಳೆ ಅಲ್ಲೇ ಗಾಳಿಗೆ ಆಡುತ್ತಿತ್ತು.

ಆ ತುದಿಯಲ್ಲಿ ಎಣಿಸಿದರೆ ಒಂದು ಮಿಗುತ್ತದೆ, ಈ ತುದಿಯಲ್ಲಿ ಎಣಿಸಿದರೆ ಏನೂ ಮಿಗುವುದಿಲ್ಲ. ಎಳೆ ಮಾತ್ರ ಆ ತುದಿಯಿಂದ ಈ ತುದಿಗೆ ಒಂದೇ. ನಡುದಾರಿಯಲ್ಲಿ ಅದು ಮರಿ ಹಾಕಿತೇ?

“ಯಾರೋ ಮಾಡ್ಸವ್ರೆ ಕಣ್ಲಾ,” ಎಂದ ಮುದ್ದಯ್ಯ ಖುಷಿಯಿಂದ. “ಹಿಂಗಾಗದು ನಾ ಕೇಳಿವ್ನಿ.”

“ನನ್ ಬಾಳೆ ಕಂದ್ನಂಗೆ ಆಯ್ತಲ್ಲ ಇದು,” ಎಂದಿತು ಒಂದು ಹೊಸ ದನಿ.

ಮಾಂಬಳ್ಳಿಯ ಚೆನ್ನಯ್ಯ. ಆಚೆ ಮೈಸೂರು ಸೀಮೆಯಿಂದ ರೇಷ್ಮೆಗೂಡು ಗಾಡಿಯಲ್ಲಿ ಹೇರಿಕೊಂಡು ಕೊಳ್ಳೇಗಾಲಕ್ಕೆ ಬರುವ ರೈತ. ಗೂಡು ಇಳಿಸಿದ ಮೇಲೆ ಎತ್ತುಗಳನ್ನು ಈ ಹುಣಸೆಮರದ ನೆರಳಿಗೆ ಕಟ್ಟಿ, ಯಾರಾದರೂ ಮಜ್ಜಿಗೆ ಕೊಟ್ಟರೆ ಕುಡಿದು ಹೋಗುವುದು ಅವನ ವಾಡಿಕೆ. ಹಾಸು ಕಟ್ಟಿದ್ದರಿಂದ ಎತ್ತು ಕಟ್ಟಲು ಜಾಗವಿಲ್ಲದೆ ಇಷ್ಟು ಹೊತ್ತೂ ಮೂಗುದಾರ ಹಿಡಿದುಕೊಂಡೇ ನಿಂತಿದ್ದ.

“ಏನಾಗಿತ್ತು ನಿನ್ ಬಾಳೆಗೆ?” ಎಂದಳು ಗೋವಿಂದಮ್ಮ.

“ಹನ್ನೆಲ್ಡು ಸಾಲು, ಸಾಲಿಗೆ ಹನ್ನೆಲ್ಡು ಅಂತ ಕಂದು ಕಿತ್ಕಂಡು ಬಂದಿದ್ದೆ. ಸರಿಯಾಗಿ ಎಣ್ಸೇ ತಂದಿದ್ದು ಕಣಕ್ಕ. ಬಂದು ನೋಡ್ದ್ರೆ ಹೊಲ ಒಸಿ ಸಣ್ಣಕೆ ಉದ್ದುಕೆ ಅದೆ. ಹನ್ನೆಲ್ಡು ಸಾಲು ಹಿಡಿಯಕಿಲ್ಲ. ಸರಿ, ಒಂದ್ ಸಾಲು ಬುಟ್ಟು, ಉಳ್ದಿದ್ ಸಾಲಿಗೆಲ್ಲ ಒಂದೊಂದ್ ಜಾಸ್ತಿ ಮಾಡ್ದೆ. ಹನ್ನೊಂದು ಸಾಲು, ಸಾಲಿಗೆ ಹದಿಮೂರು. ಅಲ್ಲೊಂದ್ ಕಮ್ಮಿ, ಇಲ್ಲೊಂದ್ ಜಾಸ್ತಿ. ನೆಟ್ಟು ನೋಡ್ತೀನಿ, ಒಂದ್ ಕಂದು ಕೈಲೇ ಅದೆ! ಯಾವ್ ಗುಂಡಿ ಬುಟ್ಟೆ ಅಂತ ಮಧ್ಯಾನ್ದ ಗಂಟ ಹೊಲ ಸುತ್ದೆ. ಒಂದ್ ಗುಂಡಿನೂ ಖಾಲಿ ಇಲ್ಲ.”

“ಆಮ್ಯಾಕೆ?”

“ಆಮ್ಯಾಕೇನು. ನಮ್ಮನೆಯೋಳು ಪುಟ್ಟಬಸಮ್ಮ ಅದ್ನ ಕಿತ್ಕಂಡೋಗಿ ಬಚ್ಚಲ ನೀರ್ ಬೀಳ ತಾವ ನೆಟ್ಲು. ಈಗ ನೋಡು, ಹೊಲದಲ್ ಯಾವ್ದೂ ಹಂಗ್ ಗೊನೆ ಬುಟ್ಟಿಲ್ಲ.”

“ಮಾಡ್ಸವ್ರೆ ಅಂದ್ನಲ್ಲ,” ಎಂದ ಮುದ್ದಯ್ಯ.

ಶಿವರತ್ನಮ್ಮ ಆ ಮಾತು ಕೇಳಿಸಿಕೊಳ್ಳಲಿಲ್ಲ. “ಚೆನ್ನಯ್ಯ,” ಎಂದಳು, “ಬುಟ್ಟೆ ಅಂದ್ಯಲ್ಲ ಒಂದ್ ಸಾಲು, ಅದ್ರಲ್ ಎಷ್ಟ್ ಕಂದಿತ್ತು?”

“ಹನ್ನೆಲ್ಡು.”

“ಅವ ತಕಂಡೋಗಿ ಎಷ್ಟ್ ಸಾಲಿಗೆ ಒಂದೊಂದ್ ಹಾಕ್ದೆ?”

“ಹನ್ನೊಂದ್ ಸಾಲಿಗೆ...” ಚೆನ್ನಯ್ಯನ ಬಾಯಿ ತೆರೆದಂತೆಯೇ ನಿಂತಿತು. “ಹನ್ನೆಲ್ಡು ಕಂದು, ಹನ್ನೊಂದ್ ಸಾಲು. ಅಯ್ಯೋ ಶಿವನೆ! ಮಧ್ಯಾನ್ದ ಗಂಟ ಸುತ್ದೆನಲ್ಲವ್ವ!”

ಶಿವರತ್ನಮ್ಮ ಮಡಿಲಿನಿಂದ ಹುಣಸೆ ಬೀಜ ತೆಗೆದು ಮಣ್ಣಿನ ಮೇಲೆ ಜೋಡಿಸಿದಳು. ಎರಡು ಸಾಲು, ಸಾಲಿಗೆ ನಾಲ್ಕು. ಎಂಟು ಬೀಜ. “ಇಲ್ ನೋಡು ದೇವಣ್ಣ. ಸಾಲಿಗೊಂದು ಕಮ್ಮಿ ಮಾಡ್ತೀನಿ, ಒಂದ್ ಸಾಲು ಜಾಸ್ತಿ ಮಾಡ್ತೀನಿ.” ಎರಡು ಸಾಲಿನಿಂದಲೂ ಒಂದೊಂದು ಬೀಜ ಎತ್ತಿದಳು. ಕೈಗೆ ಎರಡು ಬಂದವು. ಅವನ್ನು ಮೂರನೆಯ ಸಾಲಾಗಿ ಇಟ್ಟಳು. ಮೂರು, ಮೂರು, ಎರಡು. ಸಾಲು ತುಂಬಬೇಕಾದರೆ ಇನ್ನೊಂದು ಬೇಕು. ಮಡಿಲಿಗೆ ಕೈ ಹಾಕಿ ಒಂಬತ್ತನೆಯ ಬೀಜ ತೆಗೆದು ಇಟ್ಟಳು.

ದೇವಣ್ಣ ಕುಕ್ಕರುಗಾಲಲ್ಲಿ ಕೂತು ನೋಡಿದ. ಬೀಜಗಳನ್ನು ತಾನೂ ಒಮ್ಮೆ ಆ ಕಡೆ ಈ ಕಡೆ ಮಾಡಿ ನೋಡಿದ.

“ಒಂದ್ ಬಾಬಿನ್ ಇರ್ನಿಲ್ಲ. ಎಪ್ಪತ್ ಸುತ್ತಿಗೆ ಎಪ್ಪತ್ ಎಳೆ ಓಯ್ತು,” ಎಂದಳು ಶಿವರತ್ನಮ್ಮ. “ಅದ್ಕೆ ಬದ್ಲು ಒಂದ್ ಸುತ್ತು ಹಾಕ್ದೆ. ಬಂದಿದ್ ಎಷ್ಟು? ಎಪ್ಪತ್ತೊಂದು. ಓದದ್ ಎಪ್ಪತ್ತು, ಬಂದದ್ ಎಪ್ಪತ್ತೊಂದು. ಆ ಒಂದೇ ಇದು.”

“ಹಂಗಾದ್ರೆ ಹಣಿಗೆ ಸರಿಯಾಗದೆ,” ಎಂದ ದೇವಣ್ಣ ನಿಧಾನವಾಗಿ.

“ಹಣಿಗೆನೂ ಸರಿ, ನಾ ಎಣ್ಸಿದ್ದೂ ಸರಿ. ತಪ್ಪಿದ್ದು ಕಣ್ಣಲ್ಲ ಕಣಪ್ಪ, ಬುದ್ಧಿ.”

“ಬುದ್ಧಿ ಓದ್ರೆ ಓಗ್ಲಿ ಬುಡು,” ಎಂದ ಮುದ್ದಯ್ಯ. “ನಂಗ ಓಗಿ ಎಷ್ಟೋ ವರ್ಷ ಆಯ್ತು, ಏನಾಗಿದೆ ಈಗ? ಕಣ್ಣಿದ್ರೆ ಸಾಕು.”

“ನೀವೂ ಸರಿ ಅಂದ್ರಲ್ಲ ಎಲ್ಲ,” ಎಂದಳು ಗೋವಿಂದಮ್ಮ. “ಸಮ ಆಯ್ತು ಅಂತ ಮೊದ್ಲು ಅಂದೋಳೇ ನಾನು.” ತನ್ನ ತಪ್ಪನ್ನು ಬೀದಿಗೆಲ್ಲ ಹಂಚಿದ ಮೇಲೆ ಅವಳಿಗೆ ಹಗುರವಾದ ಹಾಗಿತ್ತು. ಚೆನ್ನಯ್ಯನಿಗೆ ಮಜ್ಜಿಗೆ ತರಲು ಒಳಗೆ ಹೋದಳು.

ಶಿವರತ್ನಮ್ಮ ಬೀಜಗಳನ್ನು ನೋಡುತ್ತ ಕೂತಳು. ಅಪ್ಪ ಅರವತ್ತು ಬಾಗಿಲು ಎಣಿಸಿ ಅಲ್ಲಿಗೇ ನಿಂತಿದ್ದ, ಪಕ್ಕದ ಮನೆಯ ಕಡೆ ತಿರುಗಿಯೂ ನೋಡಿರಲಿಲ್ಲ. ಐದು ಸಾವಿರದ ನಲವತ್ತೊಂದನ್ನು ಎರಡು ಮುರಿಯದು, ಮೂರು ಮುರಿಯದು, ಹತ್ತರವರೆಗೂ ಯಾವುದೂ ಮುರಿಯದು. ಹನ್ನೊಂದಕ್ಕೆ? ಮನಸ್ಸಿನಲ್ಲೇ ಹಾಕಿ ನೋಡಿದಳು. ಮೂರು ಮಿಕ್ಕಿತು. ಹದಿಮೂರಕ್ಕೂ ಬಗ್ಗಲಿಲ್ಲ. ಹೀಗೇ ಹುಡುಕುತ್ತ ಹೋದರೂ ಎಪ್ಪತ್ತೊಂದರವರೆಗೆ ಒಂದು ಬಾಗಿಲೂ ಸಿಗುವುದಿಲ್ಲ ಎಂದು ಅವಳಿಗೆ ಯಾಕೋ ಅನಿಸಿತು. ಅನಿಸಿದ್ದು ಸರಿಯೇ ಆಗಿತ್ತು. ಎಪ್ಪತ್ತೊಂದು ಎನ್ನುವ ಆ ಒಂದು ಬಾಗಿಲಿನಲ್ಲಿ ಮಾತ್ರ ಅವಳು ಗೊತ್ತಿಲ್ಲದೆ ಒಳಗೆ ನಡೆದಿದ್ದಳು. ಬೀದಿಯೆಲ್ಲ ಹೊರಗೆ ನಿಂತು ಅವಳನ್ನು ಕರೆಯುತ್ತಿತ್ತು.

“ದೊಡ್ಡವ್ವ, ಬಿಸ್ಲು ಏರ್ತಾದೆ,” ಎಂದ ದೇವಣ್ಣ. “ಎಳ್ದುಬುಡನಾ?”

“ಎಳಿ.”

“ಹೆಚ್ಚಾಗಿರದು ಇದೇನಾ? ಕೊನೇಗ್ ಉಳೀತು ಅಂತ ಇದ್ನ ಹಿಡ್ಕಂಡಿವ್ನಿ. ನಿಜ್ವಾದದ್ದು ನಡೂಲಿ ಎಲ್ಲಾರ ಇದ್ದದೇನೋ.”

“ಇಂಥದ್ದೇ ಹೆಚ್ಚಿಂದು ಅಂತ ಅದ್ರ ಹಣೇಲಿ ಬರ್ದದಾ? ಎಲ್ಲಾನೂ ಒಂದೇ ಕೈಲಿ ಹಾಕಿದ್ದು ಕಣಪ್ಪ. ನೀ ಯಾವ್ದ್ನ ಆಚೆಗೆ ಬುಟ್ಟೋ ಅದೇ ಹೆಚ್ಚಿಂದು.”

“ಅದೇ ಮತ್ತೆ,” ಎಂದ ದೇವಣ್ಣ. ಸ್ವಲ್ಪ ತಡೆದು, “ಬಡಗಿ ಯಾವಾಗ್ ಬತ್ತಾನಂತೆ?” ಎಂದ.

“ಹನೂರಿಗೆ ಓದೋನು. ಬಂದಾಗ ಬಂದ.”

ಶಿವರತ್ನಮ್ಮ ಮನೆಗೆ ಹೋಗಿ ಆ ಸಲ ಕೆಲಸವಿಲ್ಲದೆ ಕೂತಿದ್ದ ಬಾಬಿನ್ನನ್ನು ತಂದಳು. ಎಳೆಯ ತುದಿ ಅದಕ್ಕೆ ಸಿಕ್ಕಿಸಿ ಸುತ್ತುತ್ತ ಬೀದಿಯುದ್ದಕ್ಕೂ ನಡೆದಳು. ಎಳೆ ಎಲ್ಲಿಯೂ ತುಂಡಾಗದೆ, ಪಕ್ಕದ ಎಳೆಗಳಿಗೆ ತೊಡರದೆ ಬಿಡಿಸಿಕೊಂಡು ಬಂತು. ಹುಣಸೆಮರದ ಬಳಿ ಅವಳು ತಿರುಗಿ ನೋಡಿದಾಗ ದೇವಣ್ಣ ಹಾಸಿನ ಹತ್ತಿರ ಇರಲಿಲ್ಲ. ತನ್ನ ಜಗಲಿಯ ಮೇಲೆ ಕೂತು, ಬಿದಿರಿನ ಒಂದು ಸೀಳನ್ನು ಕಾಲ ಹೆಬ್ಬೆರಳಿಗೆ ಒತ್ತಿ ಹಿಡಿದು, ಚಾಕುವಿನಿಂದ ಕಡ್ಡಿ ಹೆರೆಯುತ್ತಿದ್ದ. ಒಮ್ಮೆ ಅದನ್ನು ಎತ್ತಿ ಹಿಡಿದು ದಪ್ಪ ನೋಡಿದ. ಇನ್ನೂ ಸ್ವಲ್ಪ ಹೆರೆದ.